ಅಡುಗೆ ಮಾಡಿದವರು ಕೊನೆ ಪಂಕ್ತಿಯಲ್ಲಿ: ಟೆಕ್ನೋ ಸಂಗೀತದಲ್ಲಿ ಯಾರಿಗೆ ಎಲ್ಲಿ ಜಾಗ?

2024ರ ಮಾರ್ಚ್‌ನಲ್ಲಿ ಜರ್ಮನಿ ಬರ್ಲಿನ್ ನಗರದ ಟೆಕ್ನೋ (ಮಷೀನುಗಳಲ್ಲಿ ಮಾಡುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ಸಂಸ್ಕೃತಿಯನ್ನು ತನ್ನ ದೇಶದ ಅಮೂರ್ತ ಪರಂಪರೆಯ (ಹಾಡು, ಕುಣಿತ, ಆಚರಣೆಯಂಥವು) ಪಟ್ಟಿಗೆ ಸೇರಿಸಿಕೊಂಡಿತು. ಯುನೆಸ್ಕೋದ ಜರ್ಮನ್ ಆಯೋಗದ ತಜ್ಞರು ಶಿಫಾರಸು ಮಾಡುವ ಪಟ್ಟಿ ಅದು. ಹಾಗಾಗಿ ಎಷ್ಟೋ ಕಡೆ ‘ಬರ್ಲಿನ್ ಟೆಕ್ನೋಗೆ ಯುನೆಸ್ಕೋ ಮನ್ನಣೆ’ ಅಂತಲೇ ಸುದ್ದಿಯಾಯಿತು. ಬರ್ಲಿನ್‌ನವರು ಖುಷಿಪಟ್ಟರು. ಖುಷಿಪಡುವ ವಿಷಯವೇ. ಆದರೆ ಕೂಡಲೇ ಇನ್ನೊಂದು ಪ್ರಶ್ನೆ ಎದ್ದಿತು: ಹಾಗಾದರೆ ಡೆಟ್ರಾಯಿಟ್ ಎಲ್ಲಿ ಹೋಯಿತು?

ಟೆಕ್ನೋ ಹುಟ್ಟಿದ್ದು ಬರ್ಲಿನ್‌ನಲ್ಲಿ ಅಲ್ಲ. ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ, ಕಪ್ಪು ಹುಡುಗರ ಮಲಗುವ ಕೋಣೆಗಳಲ್ಲಿ.

ಈಗ ಟೆಕ್ನೋ ಜಗತ್ತಿನಲ್ಲಿ ‘ಎಲ್ಲರನ್ನೂ ಒಳಗೊಳ್ಳಬೇಕು’ ಎಂಬ ಮಾತು ಜಾಸ್ತಿ ಕೇಳಿಸುತ್ತದೆ. ಫೆಸ್ಟಿವಲ್‌ಗಳು ಹೇಳುತ್ತವೆ, ಕ್ಲಬ್‌ಗಳು ಹೇಳುತ್ತವೆ. ಒಳ್ಳೆಯ ಮಾತು. ಆದರೆ ನನಗೆ ಆ ಪದದಲ್ಲೇ ಏನೋ ಚುಚ್ಚುತ್ತದೆ. ಒಳಗೆ ಕರೆಯುವವರು ಯಾರು? ಕರೆಸಿಕೊಳ್ಳುವವರು ಯಾರು? ಅಡುಗೆ ಮಾಡಿದವರನ್ನು ಕೊನೆ ಪಂಕ್ತಿಗೆ ಕೂರಿಸಿ, ‘ನಿಮಗೂ ಒಂದು ಎಲೆ ಹಾಕಿದ್ದೇವೆ, ಬನ್ನಿ’ ಅಂದ ಹಾಗಿದೆ. ಪಂಕ್ತಿಭೇದ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಡೆಟ್ರಾಯಿಟ್ ಕಥೆ. 1950ರಲ್ಲಿ ಆ ನಗರದಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಕಾರು ತಯಾರಿಕೆಯ ರಾಜಧಾನಿ ಅದು. ಆಮೇಲೆ ಕಾರ್ಖಾನೆಗಳು ಊರು ಬಿಟ್ಟವು, ಉಳಿದ ಕಡೆ ಯಂತ್ರಗಳು ಬಂದವು. 1967ರ ದಂಗೆಯಲ್ಲಿ 43 ಜನ ಸತ್ತರು. ಬಿಳಿಯರು ಗುಂಪುಗುಂಪಾಗಿ ಉಪನಗರಗಳಿಗೆ ಹೋದರು. 2020ರ ಜನಗಣತಿ ಹೊತ್ತಿಗೆ ಉಳಿದವರು ಸುಮಾರು 6.4 ಲಕ್ಷ.

ಈ ಇಳಿಜಾರಿನ ನಡುವೆ, 1970ರ ದಶಕದ ಕೊನೆಯಲ್ಲಿ, ಹತ್ತಿರದ ಬೆಲ್‌ವಿಲ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಮೂವರು ಹುಡುಗರು ಜೊತೆಯಾದರು. ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ಬಿಳಿಯರೇ ಜಾಸ್ತಿ ಇದ್ದ ಶಾಲೆ. ರಾತ್ರಿ ರೇಡಿಯೋದಲ್ಲಿ ಎಲೆಕ್ಟ್ರಿಫೈಯಿಂಗ್ ಮೋಜೋ ಎಂಬ ಹೆಸರಿನ ಕಪ್ಪು ನಿರೂಪಕರೊಬ್ಬರು ಬರುತ್ತಿದ್ದರು. ಕಪ್ಪು ಸಂಗೀತ, ಬಿಳಿ ಸಂಗೀತ ಅಂತ ಅವರು ಬೇರೆ ಮಾಡುತ್ತಿರಲಿಲ್ಲ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಎಲೆಕ್ಟ್ರಾನಿಕ್ ಸಂಗೀತ ಆದ ಮೇಲೆ ಪಾರ್ಲಿಮೆಂಟ್ ಎಂಬ ಕಪ್ಪು ತಂಡದ ಫಂಕ್ (ತಾಳವೇ ಮುಂದಾದ ಕುಣಿತದ ಸಂಗೀತ), ಅದಾದ ಮೇಲೆ ಗಾಯಕ ಪ್ರಿನ್ಸ್. ಈ ಹುಡುಗರ ಕಿವಿ ತಯಾರಾಗಿದ್ದು ಹಾಗೆ. ಆಟ್ಕಿನ್ಸ್ ಅವರು ವಿಯೆಟ್ನಾಂ ಯುದ್ಧದಿಂದ ಮರಳಿದ್ದ ರಿಕ್ ಡೇವಿಸ್ ಜೊತೆ ಸೇರಿ ಸೈಬೋಟ್ರಾನ್ ಎಂಬ ತಂಡ ಕಟ್ಟಿದರು. 1981ರಲ್ಲಿ ಮೊದಲ ರೆಕಾರ್ಡ್ ಬಂತು. 1985ರಲ್ಲಿ ಆಟ್ಕಿನ್ಸ್ ಮೆಟ್ರೋಪ್ಲೆಕ್ಸ್ ಎಂಬ ತಮ್ಮದೇ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ, ಶುರು ಮಾಡಿದರು.

ಇವರ ಕೈಯಲ್ಲಿದ್ದ ಡ್ರಮ್ ಮಷೀನುಗಳು ಜಪಾನಿನ ರೋಲ್ಯಾಂಡ್ ಕಂಪನಿಯವು. ಟಿಆರ್-808 ಎಂಬ ಮಷೀನನ್ನು ಕಂಪನಿ 1980ರಲ್ಲಿ ಬಿಟ್ಟು, 1983ರಲ್ಲಿ ನಿಲ್ಲಿಸಿತ್ತು. ನಿಜವಾದ ಡ್ರಮ್ಮಿನ ಹಾಗೆ ಕೇಳಲ್ಲ ಅಂತ ಜನ ತಿರಸ್ಕರಿಸಿದ್ದರು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಯಾರಿಗೂ ಬೇಡದ ಆ ಮಷೀನಿನ ಗುಂಡಿಗಳನ್ನು ಒತ್ತಿ ಒತ್ತಿ ಈ ಹುಡುಗರು ತಮ್ಮ ಊರಿನ ಸದ್ದು ಹುಡುಕಿಕೊಂಡರು. ಒಂದು, ಎರಡು, ಮೂರು, ನಾಲ್ಕು. ಪ್ರತಿ ಎಣಿಕೆಗೂ ಎದೆಗೆ ಒಂದು ಗುದ್ದು. ಅದರ ಮೇಲೆ ತಗಡು ತಟ್ಟಿದಂಥ ಸದ್ದು, ಅದರ ಮೇಲೆ ಎಲ್ಲೋ ದೂರದಿಂದ ತೇಲಿ ಬರುವ ಸ್ವರ. ಕಾರ್ಖಾನೆಯ ಸದ್ದೂ ಹೌದು, ಕಾರ್ಖಾನೆ ಮುಚ್ಚಿದ ಮೇಲಿನ ಕನಸೂ ಹೌದು.

ಅಂದರೆ ಟೆಕ್ನೋ ಹುಟ್ಟುವಾಗಲೇ ಜಾಗತಿಕವಾಗಿತ್ತು, ಅಲ್ವಾ? ಜಪಾನಿನ ಮಷೀನು, ಜರ್ಮನಿಯ ಪ್ರಭಾವ, ಕಪ್ಪು ಅಮೆರಿಕದ ಫಂಕ್. ಹೊರಗಿನ ಜಗತ್ತನ್ನು ತನ್ನೊಳಗೆ ಮೊದಲು ಸೇರಿಸಿಕೊಂಡದ್ದೇ ಡೆಟ್ರಾಯಿಟ್. ಈಗ ಅದನ್ನು ‘ಸೇರಿಸಿಕೊಳ್ಳುವ’ ಮಾತು ಬಂದಿದೆ.

ಹೆಸರು ಗಟ್ಟಿಯಾದದ್ದು ಲಂಡನ್ನಿನಲ್ಲಿ. 1988ರಲ್ಲಿ ವರ್ಜಿನ್ ಕಂಪನಿಯ ಕೆಳಗಿನ ಲೇಬಲ್ ಒಂದು ಡೆಟ್ರಾಯಿಟ್ ಹುಡುಗರ ಸಂಗೀತದ ಸಂಕಲನ ತಂದಿತು. ಷಿಕಾಗೋದ ಹೌಸ್ ಎಂಬ ಕುಣಿತದ ಸಂಗೀತಕ್ಕಿಂತ ಇದು ಬೇರೆ ಅಂತ ತೋರಿಸಬೇಕಿತ್ತು. ಆಟ್ಕಿನ್ಸ್ ಬಳಸುತ್ತಿದ್ದ ‘ಟೆಕ್ನೋ’ ಪದವೇ ಶೀರ್ಷಿಕೆಯಾಯಿತು. ಮರುವರ್ಷ ಬರ್ಲಿನ್ ಗೋಡೆ ಬಿತ್ತು. ಪೂರ್ವ ಬರ್ಲಿನ್‌ನಲ್ಲಿ ಸಾಲುಸಾಲು ಖಾಲಿ ಕಟ್ಟಡಗಳು, ಕೇಳುವವರಿಲ್ಲ. 1991ರ ಮಾರ್ಚ್‌ನಲ್ಲಿ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ಟ್ರೆಸೋರ್ ಕ್ಲಬ್ ಶುರುವಾಯಿತು. ಅದರ ಲೇಬಲ್ಲಿನ ಮೊದಲ ರೆಕಾರ್ಡೇ ಡೆಟ್ರಾಯಿಟ್‌ನ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡದವರದ್ದು.

ಇಲ್ಲಿ ನ್ಯಾಯವಾಗಿ ಹೇಳಬೇಕು. ಬರ್ಲಿನ್ ಕದ್ದಿತು ಅಂದರೆ ಅದು ಸುಳ್ಳು. ಸ್ವಂತ ದೇಶ ತಿರುಗಿ ನೋಡದಿದ್ದಾಗ ಜೆಫ್ ಮಿಲ್ಸ್, ರಾಬರ್ಟ್ ಹುಡ್, ಬ್ಲೇಕ್ ಬ್ಯಾಕ್ಸ್‌ಟರ್ ಅಂಥ ಡೆಟ್ರಾಯಿಟ್ ಕಲಾವಿದರಿಗೆ ವೇದಿಕೆ ಕೊಟ್ಟದ್ದು, ದುಡ್ಡು ಕೊಟ್ಟದ್ದು ಬರ್ಲಿನ್. ಟ್ರೆಸೋರ್ ಕಟ್ಟಿದವರು ಇವತ್ತಿಗೂ ಡೆಟ್ರಾಯಿಟ್ ಹೆಸರನ್ನು ಮರೆತಿಲ್ಲ. ತೊಂದರೆ ವ್ಯಕ್ತಿಗಳದ್ದಲ್ಲ. ದುಡ್ಡು ಎಲ್ಲಿ ನಿಂತಿತು ಅನ್ನುವುದು ತೊಂದರೆ. 2018ರಲ್ಲಿ ಸುಮಾರು 30 ಲಕ್ಷ ಜನ ಕ್ಲಬ್‌ಗಳಿಗೋಸ್ಕರ ಬರ್ಲಿನ್‌ಗೆ ಬಂದು 148 ಕೋಟಿ ಯೂರೋ ಖರ್ಚು ಮಾಡಿದರು ಅಂತ ಅಲ್ಲಿನ ಕ್ಲಬ್‌ಗಳ ಒಕ್ಕೂಟವೇ ಲೆಕ್ಕ ಹಾಕಿದೆ. ಹೋಟೆಲು, ಊಟ, ಓಡಾಟ ಎಲ್ಲ ಸೇರಿ. ಡೆಟ್ರಾಯಿಟ್ 2013ರಲ್ಲಿ ದಿವಾಳಿ ಅರ್ಜಿ ಹಾಕಿದ ನಗರ.

ಒಂದು ಪ್ರಸಂಗ ನೆನಪಿಗೆ ಬರುತ್ತದೆ. 1999ರಲ್ಲಿ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್‌ನ ಡಿಜೆ ರೊಲಾಂಡೋ ಒಂದು ಹಾಡು ಮಾಡಿದರು. ಮೆಕ್ಸಿಕನ್ ಮೂಲದ ಡೆಟ್ರಾಯಿಟ್ ಹುಡುಗ. ಯುರೋಪಿನಲ್ಲಿ ಅದು ಹುಚ್ಚೆಬ್ಬಿಸಿತು. ಆಗ ಸೋನಿ ಕಂಪನಿಯ ಜರ್ಮನ್ ವಿಭಾಗ ತಂಡದ ಒಪ್ಪಿಗೆಯಿಲ್ಲದೆ ಅದೇ ಹಾಡಿನ ನಕಲು ಆವೃತ್ತಿ ಮಾಡಿಸಿತು. ಜಗತ್ತಿನ ನಾನಾ ಕಡೆಯ ಅಭಿಮಾನಿಗಳು ಇಮೇಲ್ ಮೇಲೆ ಇಮೇಲ್ ಕಳಿಸಿ ಗಲಾಟೆ ಮಾಡಿದರು. ದೊಡ್ಡ ಕಂಪನಿಯ ಮುಂದೆ ಒಂದು ಸಣ್ಣ ಲೇಬಲ್ ನಿಲ್ಲಲು ಜನ ಬೇಕು, ಜನ ನಿಂತರು. ‘ಟೆಕ್ನೋ ಸಮುದಾಯ’ ಅನ್ನುವ ಮಾತಿಗೆ ನನ್ನ ಮಟ್ಟಿಗೆ ಅರ್ಥ ಬಂದದ್ದು ಇಂಥ ಕಡೆ.

ಪರಂಪರೆಯ ಪಟ್ಟಿಗೆ ಮರಳೋಣ. ಡೆಟ್ರಾಯಿಟ್ ತಾನೇ ಯಾಕೆ ಯುನೆಸ್ಕೋಗೆ ಅರ್ಜಿ ಹಾಕಲಿಲ್ಲ ಅಂತ ನೀವು ಕೇಳಬಹುದು. ಹಾಕಲು ದಾರಿಯೇ ಇಲ್ಲ. ಅಮೂರ್ತ ಪರಂಪರೆ ಬಗ್ಗೆ ಯುನೆಸ್ಕೋ 2003ರಲ್ಲಿ ಮಾಡಿದ ಒಪ್ಪಂದಕ್ಕೆ ಅಮೆರಿಕ ಇನ್ನೂ ಸೇರಿಯೇ ಇಲ್ಲ. ಜರ್ಮನಿ 2013ರಲ್ಲಿ ಸೇರಿತು. ಭಾರತ ಸೇರಿದೆ. ಹಾಗಾಗಿಯೇ 2023ರಲ್ಲಿ ಗುಜರಾತಿನ ಗರ್ಬಾಗೆ ಆ ಮನ್ನಣೆ ಸಿಕ್ಕಿತು. ಜಮೈಕಾ ಸೇರಿದೆ. 2018ರಲ್ಲಿ ರೆಗ್ಗೆ ಸಂಗೀತ ಪಟ್ಟಿಗೆ ಬಂತು. ಒಂದು ಸಂಗೀತದ ತವರು ಯಾವುದು ಅಂತ ಜಗತ್ತು ಗುರುತಿಸಬೇಕಾದರೆ ಆ ತವರಿನ ಸರ್ಕಾರದ ಸಹಿ ಬೇಕು. ಕಪ್ಪು ಡೆಟ್ರಾಯಿಟ್ ಪರವಾಗಿ ಸಹಿ ಹಾಕುವ ಕೈ ಇಲ್ಲ. ಬರ್ಲಿನ್‌ಗೆ ಅದಕ್ಕಾಗಿಯೇ ಓಡಾಡಿದ ಸಂಘಟನೆ ಇತ್ತು, ಕೇಳಿಸಿಕೊಳ್ಳುವ ಸರ್ಕಾರ ಇತ್ತು. ಯಾರೂ ಕೆಟ್ಟವರಾಗದೆಯೂ ಒಬ್ಬರ ಹೆಸರು ಅಳಿಸಿಹೋಗುವುದು ಹೀಗೆ.

ಇನ್ನು, ಡೆಟ್ರಾಯಿಟ್ ಹೇಳಿಕೊಳ್ಳುವ ಕಥೆಯಲ್ಲೂ ಬಿಟ್ಟುಹೋದವರು ಇದ್ದಾರೆ. ‘ಬೆಲ್‌ವಿಲ್‌ನ ಮೂವರು’ ಅಂತ ಹೇಳಿ ಹೇಳಿ ಅದೇ ಪುರಾಣವಾಗಿದೆ. ಅವರ ಜೊತೆಗೇ ಇದ್ದ ಎಡ್ಡಿ ಫೌಲ್ಕ್ಸ್ ಹೆಸರು ಎಷ್ಟೋ ಸಲ ಬರುವುದೇ ಇಲ್ಲ. ಕೆನ್ ಕಾಲಿಯರ್ ಎಂಬ ಕಪ್ಪು ಗೇ ಡಿಜೆ ಡೆಟ್ರಾಯಿಟ್‌ನ ಹೆವೆನ್ ಕ್ಲಬ್‌ನಲ್ಲಿ ನುಡಿಸುತ್ತಿದ್ದರು. ಒಂದಿಡೀ ಪೀಳಿಗೆ ಅವರ ಎದುರು ನಿಂತು ಕಲಿತಿದೆ. 1996ರಲ್ಲಿ ತೀರಿಕೊಂಡರು. ಹೊರಗಿನವರಿಗೆ ಅವರ ಹೆಸರೇ ಗೊತ್ತಿಲ್ಲ. ಕೆ-ಹ್ಯಾಂಡ್ ಎಂದು ಹೆಸರಾದ ಕೆಲ್ಲಿ ಹ್ಯಾಂಡ್ 1990ರಲ್ಲಿ ಸ್ವಂತ ಲೇಬಲ್ ತೆರೆದು ಮೂರು ದಶಕ ದುಡಿದರು. ಡೆಟ್ರಾಯಿಟ್ ನಗರಸಭೆ ಅವರನ್ನು ಗೌರವಿಸಿದ್ದು 2017ರಲ್ಲಿ. ನಾಲ್ಕು ವರ್ಷಕ್ಕೆ ಅವರು ಹೋಗಿಬಿಟ್ಟರು. ಡಿಜೆ ಮಿಂಕ್ಸ್ 1996ರಲ್ಲೇ ಹೆಣ್ಣುಮಕ್ಕಳ ಡಿಜೆ ಗುಂಪು ಕಟ್ಟಿದ್ದರು. ಅವರಿಗೆ ಈಗೀಗ ದೊಡ್ಡ ವೇದಿಕೆಗಳು ಸಿಗುತ್ತಿವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕ ಇಟ್ಟವರು ಇದ್ದಾರೆ, ಅದು ಪುಣ್ಯ. ವಿಯೆನ್ನಾದ ಡಿಜೆ ಎಲೆಕ್ಟ್ರಿಕ್ ಇಂಡಿಗೋ 1998ರಲ್ಲಿ ಫೀಮೇಲ್ ಪ್ರೆಷರ್ ಎಂಬ ಜಾಲ ಶುರು ಮಾಡಿದರು. ಆ ಜಾಲದವರು ಫೆಸ್ಟಿವಲ್ ಪೋಸ್ಟರ್‌ಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರು ಎಣಿಸಿದರು. 2012ರಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಫೆಸ್ಟಿವಲ್‌ಗಳಲ್ಲಿ ಹೆಣ್ಣುಮಕ್ಕಳ ಪಾಲು ಶೇ. 9.2. 2020-21ರ ಹೊತ್ತಿಗೆ ಶೇ. 26.9. ಸುಮ್ನೆ ಆದ ಬದಲಾವಣೆ ಅಲ್ಲ ಇದು. ಎಣಿಸಿ ಮುಖಕ್ಕೆ ಹಿಡಿದದ್ದಕ್ಕೆ ಆದದ್ದು. 2020ರಲ್ಲಿ ಬ್ರಿಟನ್ನಿನ ಡಿಜೆ ರೆಬೆಕಾ ಈ ಕ್ಷೇತ್ರದ ಲೈಂಗಿಕ ಕಿರುಕುಳದ ವಿರುದ್ಧ ಬಹಿರಂಗವಾಗಿ ಅಭಿಯಾನ ಶುರು ಮಾಡಿದ ಮೇಲೆ ತೆರೆಮರೆಯ ಮಾತುಗಳೂ ಹೊರಗೆ ಬಂದವು.

ಆದರೆ ಶೇಕಡಾವಾರು ಲೆಕ್ಕಕ್ಕೂ ಒಂದು ಮಿತಿ ಇದೆ. ಪೋಸ್ಟರಿನಲ್ಲಿ ಹೆಸರು ಇದ್ದರೆ ಸಾಕೇ? ಸಂಜೆ ಬಾಗಿಲು ತೆಗೆದ ಕೂಡಲೇ, ಖಾಲಿ ನೆಲದ ಮುಂದೆ ವಾರ್ಮ್‌ಅಪ್ ಸೆಟ್ ನುಡಿಸಿದವರೂ ಒಂದು ಹೆಸರು. ರಾತ್ರಿ ಎರಡು ಗಂಟೆಗೆ, ಪೀಕ್ ಟೈಮಲ್ಲಿ, ಕಿಕ್ಕಿರಿದ ಜನರ ಮುಂದೆ ನುಡಿಸಿದವರೂ ಒಂದು ಹೆಸರು. ಎಣಿಕೆಯಲ್ಲಿ ಇಬ್ಬರೂ ಸಮ. ಸಂಭಾವನೆಯಲ್ಲಿ, ಮುಂದಿನ ಬುಕಿಂಗ್‌ನಲ್ಲಿ ಸಮ ಅಲ್ಲವೇ ಅಲ್ಲ. ಎಲೆ ಹಾಕಿದ್ದಾರೆ, ಸರಿ. ಯಾವ ಪಂಕ್ತಿಯಲ್ಲಿ?

ಯುರೋಪು, ಅಮೆರಿಕ ಬಿಟ್ಟು ಹೊರಗಿನವರ ಕಷ್ಟವೇ ಬೇರೆ. ಅವರ ಮೊದಲ ತಡೆ ಕ್ಲಬ್ಬಿನ ಬಾಗಿಲಲ್ಲ, ವೀಸಾ ಕೌಂಟರ್. ಬೆಂಗಳೂರಿನಲ್ಲಿ ಷೆಂಗನ್ ವೀಸಾಗೆ ಫೈಲ್ ಹಿಡಿದು ಕೂತವರಿಗೆ ಇದು ಗೊತ್ತು. ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಯಾಲರಿ ಸ್ಲಿಪ್, ಕಂಪನಿಯ ರಜೆ ಪತ್ರ, ಹೋಟೆಲ್ ಬುಕಿಂಗ್. ಕೂತು ದುಡಿಯುವ ಐಟಿ ಕೆಲಸದವರಿಗೇ ಬೆವರು ಬರುತ್ತದೆ. ತಿಂಗಳ ಸಂಬಳ ಇಲ್ಲದ ಡಿಜೆ ಏನು ತೋರಿಸಬೇಕು? 2024ರ ಜೂನ್‌ನಿಂದ ಶುಲ್ಕ 90 ಯೂರೋ. ವೀಸಾ ಸಿಗದಿದ್ದರೂ ಆ ದುಡ್ಡು ವಾಪಸ್ ಬರಲ್ಲ. ಫೆಸ್ಟಿವಲ್ ನಡೆಸುವವರೂ ಲೆಕ್ಕ ಹಾಕುತ್ತಾರೆ: ಪೋಸ್ಟರ್ ಹಾಕಿಬಿಟ್ಟು, ಕೊನೆ ಗಳಿಗೆಯಲ್ಲಿ ವೀಸಾ ಬರದಿದ್ದರೆ? ರೈಲು ಹತ್ತಿ ಬರುವ ಆಂಸ್ಟರ್‌ಡ್ಯಾಂನವರನ್ನೇ ಕರೆಯೋಣ. ಯಾರಿಗೂ ದ್ವೇಷ ಇಲ್ಲ. ಫಲಿತಾಂಶ ಮಾತ್ರ ದ್ವೇಷ ಇದ್ದಿದ್ದರೆ ಹೇಗಿರುತ್ತಿತ್ತೋ ಹಾಗೇ.

ಕೆಲವರು ಹೋಗುವುದನ್ನೇ ಬಿಟ್ಟು, ತಮ್ಮ ಊರಿಗೆ ಜಗತ್ತನ್ನು ಕರೆದರು. ಉಗಾಂಡಾದ ಕಂಪಾಲಾದಲ್ಲಿ ಹುಟ್ಟಿದ ನ್ಯೆಗೆ ನ್ಯೆಗೆ ಬಳಗ 2015ರಿಂದ ಫೆಸ್ಟಿವಲ್ ಮಾಡುತ್ತಿದೆ. ಪೂರ್ವ ಆಫ್ರಿಕಾದ ಯುವಕರು ಅಗ್ಗದ ಕಂಪ್ಯೂಟರುಗಳಲ್ಲಿ ಮಾಡಿದ ಸಂಗೀತ ಅಲ್ಲಿಂದ ಯುರೋಪಿಗೆ ಹೋಯಿತು. 2018ರಲ್ಲಿ ಅಲ್ಲಿನ ಸಚಿವರೊಬ್ಬರು ಅನೈತಿಕ ಅಂತ ನಿಷೇಧಿಸಲು ಹೊರಟಿದ್ದರು. ಆ ಬಳಗ ಕಟ್ಟಿದ ಇಬ್ಬರು ಯುರೋಪಿನವರು ಅನ್ನುವುದನ್ನೂ ಹೇಳಬೇಕು, ಮುಚ್ಚಿಡಬಾರದು. ಪ್ಯಾಲೆಸ್ಟೈನಿನ ಡಿಜೆ ಸಮಾ ಅಬ್ದುಲ್‌ಹಾದಿ 2018ರಲ್ಲಿ ರಾಮಲ್ಲಾದಲ್ಲಿ ನುಡಿಸಿದ ಸೆಟ್ಟಿನ ವಿಡಿಯೋ ಲಕ್ಷಾಂತರ ಜನಕ್ಕೆ ತಲುಪಿತು. 2020ರ ಡಿಸೆಂಬರ್‌ನಲ್ಲಿ ನಬಿ ಮೂಸಾ ಎಂಬ ಧಾರ್ಮಿಕ ತಾಣದಲ್ಲಿ ರೆಕಾರ್ಡಿಂಗ್ ಮಾಡಿದ್ದಕ್ಕೆ ಪ್ಯಾಲೆಸ್ಟೈನಿನ ಪೊಲೀಸರೇ ಅವರನ್ನು ಬಂಧಿಸಿ ಎಂಟು ದಿನ ಒಳಗೆ ಇಟ್ಟರು. ಪ್ರವಾಸೋದ್ಯಮ ಇಲಾಖೆಯ ಅನುಮತಿ ಇತ್ತು. ಬಿಡುಗಡೆ ಮಾಡಿ ಅಂತ ಲಕ್ಷ ಜನ ಸಹಿ ಹಾಕಿದರು. ಇವರಿಗೆ ಹೊರಗಿನ ವೇದಿಕೆ ಸಿಗುವುದೊಂದು ಹೋರಾಟ, ಊರಲ್ಲಿ ನಿಲ್ಲುವುದು ಇನ್ನೊಂದು.

ಈಗ ನಮ್ಮ ದೇಶದ ಒಂದು ಕಥೆ. ನನಗೆ ತುಂಬ ಹತ್ತಿರದ ಕಥೆ.

ಚರಣ್‌ಜಿತ್ ಸಿಂಗ್ ಮುಂಬೈ ಸಿನಿಮಾ ಸಂಗೀತದಲ್ಲಿ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ಅವರು ಒಂದು ರೆಕಾರ್ಡ್ ಮಾಡಿದರು. ಹತ್ತು ರಾಗ, ಡಿಸ್ಕೋ ತಾಳ, ರೋಲ್ಯಾಂಡ್ ಕಂಪನಿಯ ಮೂರು ಮಷೀನು. ಅದರಲ್ಲಿ ಟಿಬಿ-303 ಎಂಬ ಪುಟ್ಟ ಬೇಸ್ ಮಷೀನೂ ಇತ್ತು. ರೆಕಾರ್ಡ್ ಯಾರೂ ಕೊಳ್ಳಲಿಲ್ಲ. ಇಪ್ಪತ್ತು ವರ್ಷ ಆದ ಮೇಲೆ ನೆದರ್ಲೆಂಡ್ಸ್‌ನ ರೆಕಾರ್ಡ್ ಸಂಗ್ರಾಹಕರೊಬ್ಬರಿಗೆ ದೆಹಲಿಯ ಅಂಗಡಿಯಲ್ಲಿ ಅದು ಸಿಕ್ಕಿತು. 2010ರಲ್ಲಿ ಮರುಬಿಡುಗಡೆ ಮಾಡಿದರು. ಯುರೋಪು ಬೆರಗಾಯಿತು. ಷಿಕಾಗೋದಲ್ಲಿ ಅದೇ ಟಿಬಿ-303 ಇಟ್ಟುಕೊಂಡು ‘ಆ್ಯಸಿಡ್ ಹೌಸ್’ ಎಂಬ ಸಂಗೀತ ಹುಟ್ಟುವುದಕ್ಕೆ ವರ್ಷಗಳ ಮುಂಚೆಯೇ ಒಬ್ಬ ಭಾರತೀಯ ಇದನ್ನು ಮಾಡಿದ್ದಾರೆ! ಎಪ್ಪತ್ತು ದಾಟಿದ ಆ ಹಿರಿಯರು ಯುರೋಪಿನ ವೇದಿಕೆಗಳಲ್ಲಿ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು.

ಧಾರವಾಡದಲ್ಲಿ ನಮ್ಮ ಅತ್ತೆ ಇದ್ದಾರೆ. ಚಿಕ್ಕಂದಿನಲ್ಲಿ ಹಿಂದೂಸ್ತಾನಿ ಕಲಿತವರು. ಒಂದು ಮಧ್ಯಾಹ್ನ ಫೋನಿನಲ್ಲಿ ಈ ರೆಕಾರ್ಡಿನ ಭೂಪಾಲಿ ಹಾಕಿದೆ. ಅವರು ಅವರೆಕಾಳು ಸುಲಿಯುತ್ತಿದ್ದರು. ಮೊದಲು ಹುಬ್ಬು ಗಂಟಿಕ್ಕಿದರು. ಅರ್ಧ ನಿಮಿಷಕ್ಕೆ ಕೈ ನಿಂತಿತು. ‘ಇದು ಭೂಪ ಅಲ್ಲೇನೋ? ತಬಲಾ ಯಾಕ ಹಿಂಗ ಒಂದೇ ಸಮ ಬಡೀಲಿಕ್ಕತ್ತದ?’ ಅಂದರು. ತಬಲಾ ಅಲ್ಲ ಅತ್ತೆ, ಮಷೀನು ಅಂದೆ. ‘ಮಷೀನಾದ್ರೂ ಸ್ವರ ಬಿಟ್ಟಿಲ್ಲ ನೋಡು’ ಅಂದರು. ಕರ್ನಾಟಕ ಸಂಗೀತದವರು ಕೇಳಿದ್ದರೆ ಮೋಹನ ಅನ್ನುತ್ತಿದ್ದರು.

ಯುರೋಪು ಕೇಳಿದ್ದು ಆ್ಯಸಿಡ್. ಅತ್ತೆ ಕೇಳಿದ್ದು ಭೂಪ. ರೆಕಾರ್ಡ್ ಒಂದೇ. ಚರಣ್‌ಜಿತ್ ಸಿಂಗ್ ಅವರಿಗೆ ಸಿಕ್ಕ ಗೌರವದ ಬಗ್ಗೆ ನನಗೆ ಸಂತೋಷ ಇದೆ. ಆದರೆ ಆ ಗೌರವದ ಅಳತೆಗೋಲು ಅವರದ್ದಾಗಿರಲಿಲ್ಲ. ‘ನಮ್ಮಲ್ಲಿ ಆಮೇಲೆ ಹುಟ್ಟಿದ್ದನ್ನು ನೀವು ಮುಂಚೆಯೇ ಮಾಡಿದ್ದೀರಿ’ ಎಂಬ ಕಾರಣಕ್ಕೆ ಸಿಕ್ಕ ಗೌರವ ಅದು. ರಾಗವನ್ನು ಹೊಸ ಮಷೀನಿಗೆ ಕೂರಿಸಲು ಅವರು ಪಟ್ಟ ಪಾಡು ಏನು, ಆರೋಹ ಅವರೋಹ ಕೆಡದ ಹಾಗೆ ಹೇಗೆ ನೋಡಿಕೊಂಡರು ಅನ್ನುವ ಮಾತು ಕಡಿಮೆ ಬಂತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ) ಬಂದಿತ್ತು, ಅಲ್ಲಿ ಗೀತಾ ಸಾರಾಭಾಯಿ ಮುಂತಾದವರು ಎಲೆಕ್ಟ್ರಾನಿಕ್ ಸಂಗೀತ ಮಾಡಿದ್ದರು. ಆ ಟೇಪುಗಳು ಜನರ ಕಿವಿಗೆ ಬಿದ್ದದ್ದು 2023ರಲ್ಲಿ. ಹುಡುಕಿ ತೆಗೆದವರು ಬ್ರಿಟನ್ನಿನ ಪಾಲ್ ಪುರ್ಗಾಸ್. ನಮ್ಮ ಅಟ್ಟದಲ್ಲಿರುವುದನ್ನು ನಾವು ಯಾಕೆ ಇಳಿಸಿ ನೋಡಲಿಲ್ಲ ಎಂಬ ಪ್ರಶ್ನೆ ನಮ್ಮದೇ.

ಗೋವಾ ಇನ್ನೊಂದು ಪಾಠ. 1990ರ ದಶಕದಲ್ಲಿ ಒಂದು ಸಂಗೀತ ಪ್ರಕಾರಕ್ಕೇ ಆ ಊರಿನ ಹೆಸರು ಬಂತು, ಗೋವಾ ಟ್ರಾನ್ಸ್ ಅಂತ. ಡಿಜೆ ಮೇಜಿನ ಹಿಂದೆ ಇದ್ದವರು ಹೆಚ್ಚಾಗಿ ಹೊರದೇಶದವರು. ಊರಿನ ಹೆಂಗಸರು ಪಾರ್ಟಿಯ ಅಂಚಿನಲ್ಲಿ ಚಾಪೆ ಹಾಸಿ, ಸೀಮೆಎಣ್ಣೆ ದೀಪ ಹಚ್ಚಿ, ಬೆಳಗಿನವರೆಗೆ ಚಹಾ ಮಾರುತ್ತಿದ್ದರು. ಊರಿನ ಹೆಸರು ಜಗತ್ತಿಗೆಲ್ಲ ಹೋಯಿತು, ಊರಿನವರು ಚಾಪೆ ಮೇಲೇ ಉಳಿದರು.

ಬೆಂಗಳೂರಿನಲ್ಲೂ ಟೆಕ್ನೋ ರಾತ್ರಿಗಳು ನಡೆಯುತ್ತವೆ. ಒಳ್ಳೆಯ ಡಿಜೆಗಳಿದ್ದಾರೆ. ಆದರೆ ಅವರು ಬೆಳೆಯುವ ಜಾಗ ಯಾವಾಗ ಮುಚ್ಚುತ್ತದೋ ಹೇಳಲು ಬರಲ್ಲ. ಮನರಂಜನಾ ಪರವಾನಗಿ ಬಗ್ಗೆ 2005ರಲ್ಲಿ ಹೊರಡಿಸಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಎಷ್ಟೋ ಪಬ್‌ಗಳಲ್ಲಿ ಸಂಗೀತವೇ ನಿಂತುಹೋಗಿತ್ತು. ಒಂದು ಸಲ ನನ್ನ ಗೆಳೆಯನನ್ನು ಕ್ಲಬ್ ಒಂದರ ಬಾಗಿಲಲ್ಲಿ ತಡೆದರು. ಕಾಲಲ್ಲಿ ಚಪ್ಪಲಿ ಇತ್ತು, ಶೂ ಇರಲಿಲ್ಲ. ಟಿಕೆಟ್ ತೆಗೆದುಕೊಂಡಾಗಿತ್ತು. ಬಾಗಿಲಲ್ಲಿದ್ದವನು ರಾಯಚೂರು ಕಡೆ ಹುಡುಗ. ‘ಅಣ್ಣ, ನಾನೇನ್ ಮಾಡ್ಲಿ, ಮ್ಯಾಲಿನವರ ರೂಲ್ಸು’ ಅಂದ. ಒಳಗಿನ ಗುದ್ದಿಗೆ ಅವನ ಬೆನ್ನ ಹಿಂದಿನ ಗಾಜು ನಡುಗುತ್ತಿತ್ತು. ವಾರಕ್ಕೆ ಮೂರು ರಾತ್ರಿ ಅವನು ಈ ಸಂಗೀತವನ್ನು ಗಾಜಿನ ಈಚೆಗೆ ನಿಂತು ಕೇಳುತ್ತಾನೆ.

ಬಾಗಿಲು ಕಾಯುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಬರ್ಲಿನ್ನಿನ ಬರ್ಗ್‌ಹೈನ್ ಕ್ಲಬ್ಬಿನ ಬೇರು ಗೇ ಪಾರ್ಟಿಗಳಲ್ಲಿದೆ. ಒಳಗಿರುವವರನ್ನು ಯಾರೂ ಹೀಯಾಳಿಸಬಾರದು, ಮುಟ್ಟಬಾರದು, ಫೋಟೋ ತೆಗೆಯಬಾರದು ಎಂಬ ಕಾಳಜಿಯಿಂದ ಅಲ್ಲಿ ಬಾಗಿಲು ಬಿಗಿ. ಯಾರನ್ನು ಕಾಪಾಡಲು ಬಾಗಿಲು ಹಾಕಿದ್ದೀರಿ ಅಂತ ಕೇಳಿದರೆ ಅವರಲ್ಲಿ ಉತ್ತರ ಇದೆ. ಚಪ್ಪಲಿ ತಡೆದರೆ ಯಾರಿಗೆ ರಕ್ಷಣೆ?

ದಾರಿ ತೋರಿಸುತ್ತಿರುವವರು ಇದ್ದಾರೆ. ನ್ಯೂಯಾರ್ಕಿನಲ್ಲಿ 2014ರಲ್ಲಿ ಶುರುವಾದ ಡಿಸ್ಕ್‌ವುಮನ್ ಹೆಣ್ಣುಮಕ್ಕಳ ಪರವಾಗಿ ಬುಕಿಂಗ್ ಏಜೆನ್ಸಿಯಾಗಿಯೇ ಕೆಲಸ ಮಾಡಿತು, ಸಂಭಾವನೆ ಚೌಕಾಸಿ ಮಾಡಿತು. ಅಲ್ಲಿಯದೇ ಡ್ವೆಲ್ಲರ್ ಫೆಸ್ಟಿವಲ್‌ನಲ್ಲಿ ಕಪ್ಪು ಕಲಾವಿದರೇ ಮೊದಲ ಪಂಕ್ತಿ. 2020ರಲ್ಲಿ ಬ್ರಿಟನ್ನಿನ ದಕ್ಷಿಣ ಏಷ್ಯಾ ಮೂಲದ ಹುಡುಗ ಹುಡುಗಿಯರು ಡೇಟೈಮರ್ಸ್ ಎಂಬ ಬಳಗ ಕಟ್ಟಿದರು. ಇವರು ಯಾರೂ ‘ನಮ್ಮನ್ನು ಸೇರಿಸಿಕೊಳ್ಳಿ’ ಅಂತ ಕೇಳುತ್ತಿಲ್ಲ. ಬುಕಿಂಗ್, ಲೇಬಲ್, ಒಪ್ಪಂದ, ವೀಸಾ ಪತ್ರ, ಈ ಸೌಟುಗಳನ್ನು ತಮ್ಮ ಕೈಗೆ ತೆಗೆದುಕೊಂಡಿದ್ದಾರೆ. ಬಡಿಸುವ ಕೈ ಬದಲಾದರೆ ಪಂಕ್ತಿಯೂ ಬದಲಾಗುತ್ತದೆ ಅಂತ ನನಗೆ ಅನ್ನಿಸುವುದು ಇಲ್ಲಿ.

ಡೆಟ್ರಾಯಿಟ್ ಸುತ್ತಮುತ್ತ ಕನ್ನಡಿಗರು ತುಂಬ ಇದ್ದಾರೆ. ಕಾರು ಕಂಪನಿಗಳ ಕೆಲಸ. ಪಂಪ ಕನ್ನಡ ಕೂಟ ಅಂತ ಅವರ ಸಂಘವೇ ಇದೆ. ಊರಿಂದ ಅಪ್ಪ ಅಮ್ಮ ಬಂದರೆ ಡಿಯರ್‌ಬಾರ್ನ್‌ನ ಫೋರ್ಡ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಾರೆ. ವೆಸ್ಟ್ ಗ್ರ್ಯಾಂಡ್ ಬೊಲೆವಾರ್ಡ್‌ನಲ್ಲಿ ಮೋಟೌನ್ ಸಂಗೀತದ ಮ್ಯೂಸಿಯಂ ಇದೆ, ಅಲ್ಲಿಗೂ ಪ್ರವಾಸಿಗರು ಬರುತ್ತಾರೆ. ಅದೇ ರಸ್ತೆಯ ಪೂರ್ವ ಭಾಗದಲ್ಲಿ, ಈಸ್ಟ್ ಗ್ರ್ಯಾಂಡ್ ಬೊಲೆವಾರ್ಡ್‌ನ 3000 ನಂಬರಿನ ಕಟ್ಟಡದಲ್ಲಿ, ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್‌ನವರೇ ನಡೆಸುವ ಟೆಕ್ನೋ ಮ್ಯೂಸಿಯಂ ಇದೆ. ಹೆಸರು ಎಕ್ಸಿಬಿಟ್ 3000. ಮುಂಚೆಯೇ ಹೇಳಿ, ಸಮಯ ಗೊತ್ತು ಮಾಡಿಕೊಂಡು ಹೋಗಬೇಕು. ಹಳೆಯ ಡ್ರಮ್ ಮಷೀನುಗಳಿವೆ, ರೆಕಾರ್ಡುಗಳಿವೆ. ಅವನ್ನು ಮಾಡಿದವರೇ ಎಷ್ಟೋ ಸಲ ಎದುರು ನಿಂತು ಕಥೆ ಹೇಳುತ್ತಾರೆ. ಮುಂದಿನ ಸಲ ಫೋರ್ಡ್ ಮ್ಯೂಸಿಯಂ ನೋಡಿ ಬರುವಾಗ ಕಾರು ಆ ಕಡೆಗೂ ತಿರುಗಲಿ.